ಪ್ಲಾಸ್ಟರ್ ಆದ ಮೇಲೆ

ಆ ವರ್ಷ ನನ್ನ ಪಾಲಿಗೆ ಮೂರು ತಾಲೂಕಿನ ಕಟ್ಟಡಗಳು ಬಂದಿದ್ದವು. ಬಾಳಗಡಿಯಲ್ಲಿ ಒಂದು ಬಾಡಿಗೆ ಕೋಣೆ ಮಾಡಿಕೊಂಡು, ಸೋಮವಾರ ನರಸಿಂಹರಾಜಪುರ, ಮಂಗಳವಾರ ಕೊಪ್ಪದ ಸುತ್ತಮುತ್ತ, ಗುರುವಾರ ಶೃಂಗೇರಿ ಕಡೆ ಎಂದು ಸ್ಕೂಟರಿನಲ್ಲಿ ತಿರುಗುತ್ತಿದ್ದೆ. ನನ್ನ ಕೆಲಸ ಕಟ್ಟುವುದಲ್ಲ, ಕಟ್ಟುವವರು ಸರಿಯಾಗಿ ಕಟ್ಟುತ್ತಿದ್ದಾರೆಯೇ ಎಂದು ನೋಡುವುದು. ಪಾಯ ತೆಗೆಯುವಲ್ಲಿಂದ ಬಣ್ಣ ಹೊಡೆಯುವವರೆಗೆ ಪ್ರತಿ ಹಂತದಲ್ಲೂ ಹೋಗಿ, ಪರೀಕ್ಷೆ ಮಾಡಿ, ಸೈಟ್ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಬರೆದದ್ದನ್ನು ಪಾಲಿಸಲೇಬೇಕು ಎಂದು ಹೇಳುವ ಅಧಿಕಾರ ಮಾತ್ರ ನನಗಿರಲಿಲ್ಲ. ಕೆಲಸಕ್ಕೆ ಸೇರುವಾಗ ಅದು ಕೊರತೆ ಅನ್ನಿಸಿರಲಿಲ್ಲ. ಸರಿಯಾದದ್ದನ್ನು ಬಿಡಿಸಿ ಹೇಳಿದರೆ ಯಾರು ತಾನೆ ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ.

ಕೆರೆಕಟ್ಟೆ ದಾರಿಯ ಒಂದು ಹಳ್ಳಿಯಲ್ಲಿ ಊರವರೇ ಸಮಿತಿ ಮಾಡಿಕೊಂಡು ಒಂದು ಚಿಕ್ಕ ದವಾಖಾನೆ ಕಟ್ಟುತ್ತಿದ್ದರು. ಎರಡು ಕೋಣೆ, ಒಂದು ಜಗಲಿ. ವಾರಕ್ಕೊಮ್ಮೆ ಡಾಕ್ಟರು ಬರುವುದು, ಒಬ್ಬ ನರ್ಸ್ ಅಲ್ಲೇ ಇರುವುದು ಎಂದು ಏರ್ಪಾಡಾಗಿತ್ತು. ಸಮಿತಿಯ ಅಧ್ಯಕ್ಷರು ಆ ಊರಿನ ಶಾಲೆಯಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ಎಲ್ಲರಿಗೂ ಮೇಷ್ಟ್ರು. ಕಂಟ್ರಾಕ್ಟರ್ ನಮ್ಮ ನರಸಿಂಹರಾಜಪುರದ ಕಡೆಯವರೇ. ಐವತ್ತರ ಆಸುಪಾಸಿನ ಮನುಷ್ಯ, ಹಣೆಯಲ್ಲಿ ವಿಭೂತಿ, ಮಾತಿಗೆ ಮೊದಲು ನಗು. ಇಬ್ಬರೂ ಕೆಟ್ಟವರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಪಾಯ ತೆಗೆದಾಗ ಒಂದು ಮೂಲೆಯಲ್ಲಿ ಮಣ್ಣು ಮೆತ್ತಗಿತ್ತು. ಕಬ್ಬಿಣದ ರಾಡು ಊರಿದರೆ ಕೈಯ ಬಲಕ್ಕೇ ಇಳಿಯುತ್ತಿತ್ತು. ಇನ್ನೂ ಎರಡಡಿ ತೆಗೆಯಬೇಕು ಅಂದೆ. ಕಂಟ್ರಾಕ್ಟರ್ ಮರುಮಾತಾಡದೆ ತೆಗೆಸಿದರು. ಗಟ್ಟಿ ಜಂಬಿಟ್ಟಿಗೆ ಕಲ್ಲಿಗೆ ತಾಗಿದ ಮೇಲೆ ಅವರೇ ಗುಂಡಿಗಿಳಿದು ಕಾಲಿನಿಂದ ಒದ್ದು ತೋರಿಸಿ, "ಈಗ ನಿದ್ದೆ ಬರ್ತದ ಮೇಡಂ?" ಎಂದು ನಕ್ಕರು. ಆವತ್ತು ವಾಪಸು ಬರುವಾಗ ನನಗೆ ಹಾಡು ಹೇಳಿಕೊಳ್ಳುವಷ್ಟು ಖುಷಿಯಾಗಿತ್ತು.

ಪಿಲ್ಲರುಗಳಿಗೆ ಕಾಂಕ್ರೀಟ್ ತುಂಬಿದ ದಿನ ನಾನು ನರಸಿಂಹರಾಜಪುರದಲ್ಲಿದ್ದೆ. ಗುರುವಾರಕ್ಕೆ ಇಟ್ಟುಕೊಳ್ಳಿ ಎಂದು ಹೇಳಿದ್ದೆ. ಆಳುಗಳು ಸೋಮವಾರವೇ ಸಿಕ್ಕಿದರಂತೆ, ತುಂಬಿಬಿಟ್ಟಿದ್ದರು. ಕಾಂಕ್ರೀಟನ್ನು ಅಲುಗಾಡಿಸಿ ಕೂರಿಸುವ ವೈಬ್ರೇಟರ್ ನಡುವೆ ಕೆಟ್ಟಿತ್ತಂತೆ. ಉಳಿದದ್ದನ್ನು ಸರಳಿನಿಂದ ತಿವಿದು ತಿವಿದು ತುಂಬಿಸಿದ್ದರು. ಗುರುವಾರ ನಾನು ಹೋಗುವ ಹೊತ್ತಿಗೆ ಹಲಗೆಗಳನ್ನು ಬಿಚ್ಚಿದ್ದರು. ಏಳು ಪಿಲ್ಲರುಗಳು ಚೆನ್ನಾಗಿಯೇ ಬಂದಿದ್ದವು. ಎಂಟನೆಯದು, ಹಿಂಬದಿಯ ಮೂಲೆಯದು, ಮೊಣಕಾಲೆತ್ತರದಲ್ಲಿ ಟೊಳ್ಳಾಗಿತ್ತು. ಸಿಮೆಂಟು ಇಳಿಯದೆ ಬರೀ ಜಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತಿತ್ತು. ಒಂದು ಕಡ್ಡಿ ತೂರಿಸಿದೆ. ಬೆರಳುದ್ದ ಒಳಗೆ ಹೋಗಿ ಕಬ್ಬಿಣಕ್ಕೆ ತಾಗಿತು.

"ಇದನ್ನ ಒಡೆದು ಮತ್ತೆ ಹಾಕ್ಬೇಕು," ಅಂದೆ.

"ಎಂತ ಮೇಡಂ, ಇಡೀ ಪಿಲ್ಲರಾ?" ಕಂಟ್ರಾಕ್ಟರಿನ ನಗು ನಿಂತಿತು. "ಒಡೆಯೋ ಏಟಿಗೆ ಪಕ್ಕದ್ದು ಅಲುಗಾಡ್ತದೆ. ಮಳೆಗೆ ಮುಂಚೆ ಸ್ಲ್ಯಾಬ್ ಆಗ್ಬೇಕು ಅಂತ ಮೇಷ್ಟ್ರು ದಿನಾ ಫೋನ್ ಮಾಡ್ತಾರೆ. ಸಡಿಲ ಇದ್ದಷ್ಟನ್ನ ಕೆತ್ತಿ ಸಿಮೆಂಟ್ ಗ್ರೌಟ್ ತುಂಬಿಸ್ತೆ ಮಾರಾಯ್ರೆ."

ನಾನು ಅರ್ಧ ಒಪ್ಪಿದೆ. ಗಟ್ಟಿ ಸಿಗುವವರೆಗೆ ಕೆತ್ತಬೇಕು, ಕೆತ್ತಿದ್ದನ್ನು ನಾನು ಕಣ್ಣಾರೆ ನೋಡಬೇಕು, ಆಮೇಲೆಯೇ ತುಂಬಬೇಕು ಎಂದು ಪುಸ್ತಕದಲ್ಲಿ ಬರೆದು ಅವರ ಸಹಿ ತೆಗೆದುಕೊಂಡೆ. ಮುಂದಿನ ಗುರುವಾರ ಹೋದರೆ ಎಂಟೂ ಪಿಲ್ಲರುಗಳು ಒಂದೇ ಥರ ಇದ್ದವು. ಮೂಲೆಯದಕ್ಕೆ ಅಚ್ಚುಕಟ್ಟಾಗಿ ಪ್ಲಾಸ್ಟರ್ ಆಗಿತ್ತು. ಕೈಯಾಡಿಸಿದರೆ ಎಲ್ಲಕ್ಕಿಂತ ಅದೇ ನುಣ್ಣಗಿತ್ತು.

"ಕೆತ್ತಿದ್ರಾ?" ಎಂದು ಕೇಳಿದೆ.

"ಕೆತ್ತದೆ ಇರ್ತಾರಾ ಮೇಡಂ?" ಅಂದರು ಕಂಟ್ರಾಕ್ಟರ್. ಪ್ಲಾಸ್ಟರ್ ಮಾಡಿದ ಮೇಸ್ತ್ರಿಯ ಕಡೆ ನೋಡಿದೆ. ಆತ ಕರಣೆ ತೊಳೆಯಲು ಡ್ರಮ್ಮಿನ ಹತ್ತಿರ ಹೋದ.

ಮೇಷ್ಟ್ರ ಮನೆಗೆ ಹೋಗಿ ಆ ಪ್ಲಾಸ್ಟರನ್ನು ಕೀಳಿಸಬೇಕು ಎಂದು ಹೇಳಿದೆ. ಅವರು ಹೆಂಡತಿಯ ಕೈಯಲ್ಲಿ ಕಾಫಿ ತರಿಸಿ, ನಾನು ಕುಡಿದು ಮುಗಿಸಿದ ಮೇಲೆ ಮೆಲ್ಲಗೆ ಕೇಳಿದರು, "ನೋಡಮ್ಮ, ಕೆತ್ತಿದ್ದನ್ನ ನೀನು ನೋಡಿಲ್ಲ. ಹೌದಾ?"

"ಹೌದು."

"ಕೆತ್ತಲಿಲ್ಲ ಅನ್ನೋದನ್ನೂ ನೋಡಿಲ್ಲ. ಹಾಗಾದ್ರೆ ಎಂತ ಅಂತ ನಾನು ಆ ಮನುಷ್ಯನಿಗೆ ಹೇಳಲಿ?"

ಗೋಡೆಯೊಳಗನ್ನು ನೋಡುವ ಯಂತ್ರವೊಂದಿದೆ, ಹೊರಗಿನಿಂದಲೇ ಶಬ್ದ ಹಾಯಿಸಿ ಟೊಳ್ಳಿದೆಯೋ ಇಲ್ಲವೋ ಹೇಳುತ್ತದೆ, ಶಿವಮೊಗ್ಗದಿಂದ ತರಿಸೋಣ ಅಂದೆ. "ತರಿಸಾಣ," ಅಂದರು ಮೇಷ್ಟ್ರು. "ಸ್ಲ್ಯಾಬ್ ಒಂದು ಆಗಿಹೋಗಲಿ."

ಸ್ಲ್ಯಾಬ್ ಆದ ಮೇಲೆ ತರಿಸಿ ಏನು ಮಾಡುವುದು? ಆ ಪಿಲ್ಲರಿನ ತಲೆಯ ಮೇಲೆ ಭಾರ ಬಂದಾಗಿರುತ್ತದೆ. ಪರೀಕ್ಷೆಯಾಗದೆ ಸ್ಲ್ಯಾಬ್ ಬೇಡ ಎಂದು ಪುಸ್ತಕದಲ್ಲಿ ಬರೆದೆ. ಕಂಟ್ರಾಕ್ಟರ್ ಅದರ ಕೆಳಗೂ ಸಹಿ ಹಾಕಿದರು, ಬಹಳ ವಿನಯದಿಂದ. ಭಾನುವಾರ ಅವರದೇ ಫೋನು: "ನಾಳೆ ಬೆಳಿಗ್ಗೆ ಸ್ಲ್ಯಾಬ್ ಮೇಡಂ. ನೀವು ಬರದೇ ಇದ್ರೂ ತೊಂದ್ರೆ ಇಲ್ಲ."

ಹೋಗಬಾರದು ಅಂದುಕೊಂಡೆ. ಹೋದರೆ ಒಪ್ಪಿದ ಹಾಗಾಗುತ್ತದೆ. ಹೋಗದಿದ್ದರೆ ಮೇಲಿನ ಸ್ಲ್ಯಾಬಿಗೂ ಅದೇ ಗತಿಯಾಗುತ್ತದೆ. ಬೆಳಿಗ್ಗೆ ಆರಕ್ಕೆ ಸ್ಕೂಟರ್ ಹೊರಡಿಸಿದೆ.

ಆವತ್ತು ಎಲ್ಲ ಚೆನ್ನಾಗಿ ನಡೆಯಿತು. ಎರಡು ವೈಬ್ರೇಟರ್ ತರಿಸಿದ್ದರು. ನೀರು ಎಷ್ಟು ಹಾಕಬೇಕೆಂದರೆ ಅಷ್ಟೇ ಹಾಕಿದರು. ಪರೀಕ್ಷೆಗೆಂದು ಅಚ್ಚಿಗೆ ತುಂಬುವ ಕ್ಯೂಬುಗಳನ್ನು ನಾನೇ ಕೈಯಾರೆ ತುಂಬಿದೆ. ಮಧ್ಯಾಹ್ನ ಊಟ ಆಗಿ, ಮುಕ್ಕಾಲು ಸ್ಲ್ಯಾಬ್ ಮುಗಿದಿತ್ತು. ಕೆರೆಕಟ್ಟೆಯ ಕಡೆಯಿಂದ ಮೋಡ ಕಟ್ಟಿ ಬಂತು. ಏಪ್ರಿಲ್ ತಿಂಗಳ ಮಳೆ, ಹೇಳಿ ಕೇಳಿ ಬರುವುದಲ್ಲ. ಹನಿ ಬೀಳುತ್ತಿದ್ದ ಹಾಗೆ ಹಸಿ ಕಾಂಕ್ರೀಟಿನ ಮೇಲೆ ಸಿಮೆಂಟಿನ ಹಾಲು ಹರಿಯತೊಡಗಿತು. ನಿಲ್ಲಿಸಿದರೆ ಹಳೆಯದು ಹೊಸದು ಕೂಡದೆ ಅಲ್ಲೇ ಸಂದು ಬೀಳುತ್ತದೆ, ಮುಂದುವರಿಸಿದರೆ ಎಲ್ಲ ತೊಳೆದುಹೋಗುತ್ತದೆ. ಕಂಟ್ರಾಕ್ಟರ್ ನನ್ನ ಮುಖ ನೋಡಿದರು, "ಎಂತ ಮಾಡದು ಹೇಳಿ ಮೇಡಂ!" ಅಷ್ಟು ದಿನದಲ್ಲಿ ಮೊದಲ ಸಲ ಅವರು ನಿಜವಾಗಿ ನನ್ನನ್ನು ಕೇಳಿದ್ದರು.

ದಾರಿ ಕಾಣಿಸಿದ್ದು ಪಕ್ಕದ ಮನೆಯ ಹೆಂಗಸು. ಅರವತ್ತು ದಾಟಿದವರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡಿಕೆ ಹರಡುವ ಟಾರ್ಪಾಲನ್ನು ಎಳೆದುಕೊಂಡೇ ಓಡಿ ಬಂದರು. ಹಿಂದೆಯೇ ಆಚೀಚೆ ಮನೆಯವರೂ ತಂದರು. ಹದಿನೈದಿಪ್ಪತ್ತು ಜನ ಸ್ಲ್ಯಾಬಿನ ಅಂಚಿನಲ್ಲಿ ನಿಂತು, ತಲೆಯ ಮೇಲೆ ಟಾರ್ಪಾಲು ಎತ್ತಿ ಹಿಡಿದೆವು. ಮಳೆ ಮುಕ್ಕಾಲು ಗಂಟೆ ಹೊಡೆಯಿತು. ಕೈ ಸೋತರೂ ಯಾರೂ ಇಳಿಸಲಿಲ್ಲ. ಅದರಡಿಯಲ್ಲೇ ಆಳುಗಳು ಉಳಿದದ್ದನ್ನು ತುಂಬಿ ಮುಗಿಸಿದರು. ಆ ಅಮ್ಮ ನನ್ನ ಪಕ್ಕದಲ್ಲೇ ನಿಂತು ಹೇಳಿದರು, "ನನ್ನ ಮಗಳಿಗೆ ಹೆರಿಗೆ ನೋವು ಬಂದಾಗ ಶೃಂಗೇರಿ ಮುಟ್ಟಲಿಲ್ಲ ಮಾರಾಯ್ತಿ. ಜೀಪಿನಲ್ಲೇ ಆತು. ಮಗು ಉಳೀಲಿಲ್ಲ. ಇದೊಂದು ಗಟ್ಟಿಯಾಗಿ ನಿಲ್ಲಲಿ."

ನಾನು "ನಿಲ್ತದೆ ಅಮ್ಮ" ಅಂದೆ. ಬೇರೆ ಏನು ಹೇಳುವುದಿತ್ತು? ಮೂಲೆಯ ಪಿಲ್ಲರು ಸರಿಯಾಗಿ ನಮ್ಮ ಕಾಲ ಕೆಳಗಿತ್ತು.

ಆಮೇಲೆ ಇಪ್ಪತ್ತು ದಿನ ಆ ಅಮ್ಮನೇ ಬೆಳಿಗ್ಗೆ, ಸಂಜೆ ಏಣಿ ಹತ್ತಿ, ಕಾಂಕ್ರೀಟ್ ಗಟ್ಟಿಯಾಗಲೆಂದು ತಮ್ಮ ಬಾವಿಯ ನೀರನ್ನು ಸ್ಲ್ಯಾಬಿನ ಮೇಲೆ ನಿಲ್ಲಿಸಿದರು. ಯಾರೂ ಹೇಳಿರಲಿಲ್ಲ. ತಿಂಗಳು ಕಳೆದು ಕ್ಯೂಬುಗಳನ್ನು ಒತ್ತಿ ನೋಡಿದಾಗ ಎಲ್ಲವೂ ಪಾಸು. ಪಿಲ್ಲರು ತುಂಬಿದ ದಿನ ಮೇಸ್ತ್ರಿ ತೆಗೆದಿಟ್ಟಿದ್ದವೂ ಪಾಸು. ಮೇಷ್ಟ್ರು ಆ ಕಾಗದವನ್ನು ಎರಡೆರಡು ಸಲ ಓದಿ, "ನೋಡಿದ್ಯಾ, ನೀನು ಸುಮ್ನೆ ಹೆದರಿದ್ದೆ," ಅಂದರು. ಕ್ಯೂಬು ಹೇಳುವುದು ಕಲಸಿದ ಮಾಲಿನ ಗುಣ ಮಾತ್ರ, ಅದು ಪಿಲ್ಲರಿನೊಳಗೆ ಹೇಗೆ ಕೂತಿದೆ ಅನ್ನುವುದನ್ನಲ್ಲ ಎಂದು ವಿವರಿಸಿದೆ. ಅವರು ತಲೆಯಾಡಿಸಿ ಕಾಗದವನ್ನು ಫೈಲಿಗೆ ಹಾಕಿಕೊಂಡರು. ಯಂತ್ರದ ಮಾತೆತ್ತಿದೆ. ಉದ್ಘಾಟನೆ ಮುಗಿಯಲಿ ಅಂದರು.

ಉದ್ಘಾಟನೆಯ ದಿನ ನನ್ನನ್ನೂ ವೇದಿಕೆಗೆ ಕರೆದರು. "ಈ ಮೇಡಂ ಪಾಯದಿಂದ ಬಣ್ಣದವರೆಗೆ ನಮ್ಮ ಜೊತೆ ನಿಂತರು. ಅದಕ್ಕೇ ನಮಗೆ ಧೈರ್ಯ," ಎಂದು ಮೇಷ್ಟ್ರು ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿದರು. ಎರಡು ಮಾತಾಡಿ ಎಂದು ಮೈಕು ಕೈಗೆ ಕೊಟ್ಟರು. ಹೇಳಬೇಕಾದದ್ದು ಎರಡೇ ಮಾತಿತ್ತು. ಮುಂದಿನ ಸಾಲಿನಲ್ಲಿ ಆ ಅಮ್ಮ ಹೊಸ ಸೀರೆಯುಟ್ಟು ಕೂತಿದ್ದರು. ನನಗೆ ಪುರಾವೆ ಇರಲಿಲ್ಲ, ಒಂದು ಕಡ್ಡಿ ಒಳಗೆ ಹೋದ ನೆನಪು ಮಾತ್ರ ಇತ್ತು. "ಎಲ್ಲರಿಗೂ ಒಳ್ಳೆಯದಾಗಲಿ" ಎಂದು ಹೇಳಿ ಕೂತೆ. ಆ ಶಾಲನ್ನು ಇವತ್ತಿಗೂ ಹೊದ್ದುಕೊಂಡಿಲ್ಲ.

ಸಭೆ ಮುಗಿದ ಮೇಲೆ ಒಳಗೆ ಹೋದರೆ, ಹೊಸದಾಗಿ ಬಂದ ನರ್ಸ್ ಹಿಂದಿನ ಕೋಣೆಯ ಮೂಲೆಗೇ ಮಂಚ ಹಾಕಿಸುತ್ತಿದ್ದಳು. ನನಗಿಂತ ಚಿಕ್ಕವಳು, ಭಂಡಿಗಡಿಯ ಕಡೆಯವಳು.

"ಮಂಚ ಮುಂದಿನ ಕೋಣೆಗೆ ಹಾಕಿಸು," ಅಂದೆ.

"ಎಂತಕ್ಕೆ ಅಕ್ಕಾ?"

"ಅಲ್ಲಿ ಬೆಳಕು ಚೆನ್ನಾಗಿದೆ."

ಅವಳು ಕಿಟಕಿ ನೋಡಿದಳು, ನನ್ನನ್ನು ನೋಡಿದಳು. ಹಿಂದಿನ ಕೋಣೆಯಲ್ಲೇ ಹೆಚ್ಚು ಬೆಳಕಿತ್ತು. ಆದರೂ ನಾನು ಹೇಳಿದೆನೆಂದು ಮಂಚ ಎತ್ತಿಸಿದಳು.

ಯಂತ್ರ ಬರಲಿಲ್ಲ. ನಾನೇ ತರಿಸಲು ನೋಡಿದೆ. ಕಟ್ಟಡದವರ ಪತ್ರವಿಲ್ಲದೆ ಪರೀಕ್ಷೆ ಮಾಡುವುದಿಲ್ಲ ಅಂದರು ಶಿವಮೊಗ್ಗದವರು. ಪತ್ರ ಕೊಡಿ ಎಂದು ಮೇಷ್ಟ್ರನ್ನು ಮೂರು ಸಲ ಕೇಳಿದೆ. ನಾಲ್ಕನೆಯ ಸಲ ಕೇಳುವ ಮೊದಲೇ ಅವರು ಹುಷಾರಿಲ್ಲದೆ ಮಗಳ ಮನೆಗೆ ಹೋದರು. ಹೊಸ ಸಮಿತಿಯವರಿಗೆ ಪುಸ್ತಕ ತೋರಿಸಿದೆ. ಅದರಲ್ಲಿ ಎಲ್ಲರ ಸಹಿಯೂ ಇದ್ದುದರಿಂದ, ಎಲ್ಲ ಸರಿಯಾಗಿಯೇ ಆಗಿದೆ ಎಂದು ಅವರಿಗೆ ಅನ್ನಿಸಿತು.

ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ನರ್ಸ್ ಫೋನ್ ಮಾಡಿದಳು. "ಅಕ್ಕಾ, ಹಿಂದಿನ ಕೋಣೆ ಬಾಗಿಲು ಹಾಕಕ್ಕೆ ಆಗ್ತಿಲ್ಲ. ಹಿಡ್ಕೊಂಡು ಬಿಟ್ಟದೆ." ಪಿಲ್ಲರು ಕುಸಿದರೆ ಚೌಕಟ್ಟು ಸೊಟ್ಟಗಾಗಿ ಮೊದಲು ಹಿಡಿಯುವುದು ಬಾಗಿಲೇ. ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು, ಒದ್ದೆಯಾಗುತ್ತ, ಎಲ್ಲರನ್ನೂ ಹೊರಗೆ ಕೂರಿಸು ಎಂದು ದಾರಿಯುದ್ದಕ್ಕೂ ಫೋನಿನಲ್ಲಿ ಹೇಳುತ್ತ ಹೋದೆ. ನೆಟ್‌ವರ್ಕ್ ಸಿಗದೆ ಅರ್ಧ ಮಾತೂ ಅವಳಿಗೆ ಮುಟ್ಟಿರಲಿಲ್ಲ. ಜಗಲಿಯಲ್ಲಿ ಏಳೆಂಟು ಜನ ಕೂತಿದ್ದರು, ಒಳಗೆ ಒಬ್ಬ ಬಾಣಂತಿ.

ಚೌಕಟ್ಟಿಗೆ ತೂಗುಗುಂಡು ಹಿಡಿದು ನೋಡಿದೆ. ನೆಟ್ಟಗಿತ್ತು. ಗೋಡೆಯಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಮಳೆಗೆ ಬಾಗಿಲಿನ ಮರ ಉಬ್ಬಿತ್ತು, ಅಷ್ಟೇ. ಊರಿನ ಬಡಗಿ ಬಂದು ಅಂಚಿಗೆ ಉಜ್ಜುಗೊರಡು ಹಾಕಿದ. ಐದು ನಿಮಿಷದ ಕೆಲಸ.

"ಇಷ್ಟಕ್ಕೆ ಇಷ್ಟು ದೂರ ಬಂದ್ರಾ?" ಎಂದು ನರ್ಸ್ ಟವೆಲು ಕೊಟ್ಟು, ಬಿಸಿನೀರು ಕಾಯಿಸಲು ಹೋದಳು. ಬಾಣಂತಿ ಮಗುವನ್ನು ಮಡಿಲಿಗೆ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದಳು. ಕಟ್ಟಡ ಹೀಗೆಯೇ ಐವತ್ತು ವರ್ಷ ನಿಂತರೂ ನಿಲ್ಲಬಹುದು. ಕಂಟ್ರಾಕ್ಟರ್ ನಿಜವಾಗಿಯೂ ಕೆತ್ತಿಸಿರಬಹುದು. ನನಗೆ ಗೊತ್ತಿಲ್ಲ. ತಲೆ ಒರೆಸಿಕೊಂಡು ಮೂಲೆಗೆ ಹೋಗಿ, ಬೆರಳ ಗೆಣ್ಣಿನಿಂದ ಪಿಲ್ಲರನ್ನು ಮೂರು ನಾಲ್ಕು ಕಡೆ ತಟ್ಟಿ ಕಿವಿಗೊಟ್ಟೆ. ಹೊರಗೆ ಮಳೆ ಜೋರಾಗಿತ್ತು, ಏನೂ ಕೇಳಿಸಲಿಲ್ಲ.