ಬೆಳೆಯುವವಳಿಗೆ ತಂದ ಬಿಲ್ಲು

ನಮ್ಮ ಮನೆಯಲ್ಲಿ ಯಾವುದನ್ನೂ ಅಳತೆಗೆ ಸರಿಯಾಗಿ ತಂದದ್ದೇ ಇಲ್ಲ. ಯೂನಿಫಾರಂ ಹೊಲಿಸಿದರೆ ಲಂಗದ ಅಂಚನ್ನು ನಾಲ್ಕು ಬೆರಳು ಒಳಕ್ಕೆ ಮಡಿಚಿ ಹೊಲಿದಿರಬೇಕು. ಚಪ್ಪಲಿ ಕೊಂಡರೆ ಹಿಮ್ಮಡಿಯ ಹಿಂದೆ ಹೆಬ್ಬೆರಳು ಕೂರುವಷ್ಟು ಜಾಗ ಉಳಿಯಬೇಕು. "ಬೆಳೆಯೋ ಮಕ್ಳು" ಎಂಬ ಒಂದೇ ಮಾತಿನಲ್ಲಿ ಅಪ್ಪ ಅಂಗಡಿಯವನ ಬಾಯನ್ನೂ ನಮ್ಮ ಬಾಯನ್ನೂ ಮುಚ್ಚಿಸುತ್ತಿದ್ದರು. ಪ್ರತಿ ಜೂನ್‌ನಲ್ಲಿ ಅವ್ವ ಆ ಮಡಿಕೆ ಬಿಚ್ಚಿ ಲಂಗ ಉದ್ದ ಮಾಡುತ್ತಿದ್ದಳು. ಹಳೆಯ ಮಡಿಕೆಯ ಗೆರೆ ಮಾತ್ರ ವರ್ಷವಿಡೀ ಕಾಣುತ್ತಿತ್ತು.

ಹೈಸ್ಕೂಲಿನಲ್ಲಿದ್ದಾಗ ಚುಂಚನಕಟ್ಟೆ ಹತ್ತಿರದ ನಮ್ಮೂರಿನಿಂದ ಕೆ.ಆರ್. ನಗರಕ್ಕೆ ಬಸ್ಸಿನಲ್ಲಿ ಹೋಗಿ ಬಿಲ್ಲುಗಾರಿಕೆ ಕಲಿಯುತ್ತಿದ್ದೆ. ಅಲ್ಲಿದ್ದದ್ದು ಬಿದಿರಿನ ಬಿಲ್ಲುಗಳು. ಅದರಲ್ಲೇ ನನ್ನ ಬಾಣಗಳು ಗುರಿಹಲಗೆಯ ನಟ್ಟನಡುವಿನ ಹಳದಿ ವೃತ್ತ ಬಿಟ್ಟು ಆಚೆ ಹೋಗುತ್ತಿರಲಿಲ್ಲ. ರಾಜ್ಯ ತಂಡದ ಆಯ್ಕೆ ಬರುತ್ತಿದೆ, ಇವಳಿಗೆ ಒಳ್ಳೆಯ ಬಿಲ್ಲು ಬೇಕು ಎಂದರು ಕೋಚ್. ಸುಗ್ಗಿ ಮುಗಿಯುವುದೇ ತಡ, ಅಪ್ಪ ಮೈಸೂರಿನಿಂದ ಕಾಂಪೌಂಡ್ ಬಿಲ್ಲು ಹೊತ್ತು ತಂದರು. ಎರಡು ತುದಿಗೂ ರಾಟೆಯಂಥ ಚಕ್ರಗಳಿದ್ದ, ಯಾರೋ ಬಳಸಿ ಮಾರಿದ ಬಿಲ್ಲು. ಮಾರಿದವನು ಆರಡಿ ಆಳಂತೆ. ನಾನೋ ಅಪ್ಪನ ಭುಜಕ್ಕೂ ಬರುತ್ತಿರಲಿಲ್ಲ.

ಈ ಬಿಲ್ಲಿನ ದಾರ ಎಳೆಯುವಾಗ ಮೊದಲು ಭಾರ ಇರುತ್ತದೆ. ಕೊನೆಗೆ ಚಕ್ರ ತಿರುಗಿ ಭಾರ ತಟ್ಟನೆ ಇಳಿಯುತ್ತದೆ. ಆಮೇಲೆ ನಿರಾಳವಾಗಿ ಗುರಿ ನೋಡಬಹುದು. ಆದರೆ ಆ ಹಗುರಾಗುವ ಜಾಗ ನಮ್ಮ ತೋಳಿನ ಅಳತೆಗೆ, ದವಡೆಯ ಹತ್ತಿರ ಬರಬೇಕು. ನನ್ನ ಬಿಲ್ಲಿನಲ್ಲಿ ಅದು ಕಿವಿಯಿಂದ ಎಷ್ಟೋ ಆಚೆಗಿತ್ತು.

"ಎಳೆತ ಕಮ್ಮಿ ಮಾಡ್ಬೇಕು ಸಾರ್, ಇವಳಿಗೆ ಉದ್ದ ಆಯ್ತು," ಎಂದರು ಕೋಚ್.

"ಬುಡಿ ಸಾ, ಬೆಳೆಯೋ ಮಗಳು. ಈಗ್ಲೇ ಕಮ್ಮಿ ಮಾಡ್ಬುಟ್ರೆ ನಾಳಿಕೆ ಎಳ್ದು ಉದ್ದ ಮಾಡಕಾಯ್ತದಾ?"

ನಾವು ಕಲಿಯುತ್ತಿದ್ದ ಮೈದಾನದ ಕಳೆ ಕೀಳಲು ಆಳು ಕಳಿಸುತ್ತಿದ್ದವರು ಅಪ್ಪ. ಕೋಚ್ ಇನ್ನೂ ಎಳೆಯರು, ಬೇರೆ ಊರಿನವರು. "ನಿಮ್ಮಿಷ್ಟ," ಎಂದು ಸುಮ್ಮನಾದರು. ಇನ್ನೊಂದು ಮಾತು ಆಡಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ಈಗಲೂ ಸಿಟ್ಟು ಬರುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತದೆ ಲೋಕ. ನಮ್ಮಪ್ಪ ಉದ್ದದ ಹಾಸಿಗೆ ಹಾಸಿಟ್ಟು ಕಾಲು ಬೆಳೆಯಲಿ ಎಂದು ಕಾಯುವ ಮನುಷ್ಯ. ನಾನು ಬೆನ್ನು ಹಿಂದಕ್ಕೆ ಬಾಗಿಸಿ, ಭುಜ ಎತ್ತಿ ಎಳೆದೆ. ಭಾರ ಎಂದೂ ಇಳಿಯಲಿಲ್ಲ. ದಾರ ಬಡಿದು ಮುಂಗೈ ನೀಲಿಗಟ್ಟುತ್ತಿತ್ತು. ಅವ್ವ ರಾತ್ರಿ ಹರಳೆಣ್ಣೆ ಕಾಯಿಸಿ ತಿಕ್ಕುತ್ತಿದ್ದಳು. ಆಯ್ಕೆಯ ಹೊತ್ತಿಗೆ ಜಡೆ ಹಾಕಿಕೊಳ್ಳಲೂ ಕೈ ಮೇಲೇಳದಂತಾಯಿತು. ಬಿಲ್ಲು ಮುಟ್ಟಲೇಬೇಡ ಎಂದರು ಹುಣಸೂರಿನ ಡಾಕ್ಟರು. ಆಯ್ಕೆ ತಪ್ಪಿತು, ಬಿಲ್ಲು ಅಟ್ಟ ಸೇರಿತು. ಆಮೇಲೆ ನಾನು ಒಂದು ಬೆರಳೂ ಬೆಳೆಯಲಿಲ್ಲ; ಬೆಳೆದದ್ದು ಅಪ್ಪನ ಹೊಟ್ಟೆ ಮಾತ್ರ.

ಈಗ ಪಿರಿಯಾಪಟ್ಟಣದ ಶಾಲೆಯೊಂದರಲ್ಲಿ ಆಟ ಕಲಿಸುತ್ತೇನೆ. ಮಕ್ಕಳಿಗಾದರೂ ಆಗಲಿ ಎಂದು ಹೋದ ತಿಂಗಳು ಊರಿಗೆ ಹೋಗಿ ಬಿಲ್ಲು ಕೆಳಗಿಳಿಸಿದೆ. ಎಳೆತವನ್ನು ಮೊದಲು ನನ್ನ ಅಳತೆಗೆ ಇಳಿಸಿ ನೋಡೋಣ ಎಂದು ಜಗಲಿಯಲ್ಲಿ ಕೂತು, ಮೊಬೈಲಿನಲ್ಲಿ ವಿಡಿಯೊ ನೋಡುತ್ತಾ ಚಕ್ರದ ಮೇಲಿನ ಸ್ಕ್ರೂ ಸಡಿಲಿಸಿ, ಅಲ್ಲಿದ್ದ ಸಣ್ಣ ಬಿಲ್ಲೆಯನ್ನು ತಿರುಗಿಸಿ ಮತ್ತೆ ಬಿಗಿದೆ. ಇನ್ನೊಂದು ಚಕ್ರಕ್ಕೂ ಹಾಗೇ ಮಾಡಿದೆ. ಅವ್ವ ಕೊಟ್ಟ ಕಾಫಿ ಆರುವ ಮೊದಲೇ ಕೆಲಸ ಮುಗಿದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ.

ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಪ್ಪ ಕೇಳಿದರು, "ಮತ್ತೆ ಉದ್ದ ಬೇಕು ಅಂದ್ರೆ?"

"ಹಿಂದಕ್ಕೆ ತಿರುಗಿಸಿದ್ರೆ ಆಯ್ತದೆ ಕಣಪ್ಪ."

"ಅಂಗಾರೆ ಲಂಗದ ಮಡಿಕೆ ಬಿಚ್ಚಿದಂಗೇ ಅಲ್ವಾ," ಎಂದಳು ಬಾಗಿಲಲ್ಲಿ ನಿಂತಿದ್ದ ಅವ್ವ.

ಅಪ್ಪ ಬಗ್ಗಿ ಬಿಲ್ಲೆತ್ತಿ ನನ್ನ ಕೈಗಿಟ್ಟರು. ಆಮೇಲೆ, "ಒಂದ್ ಬಾಣ ಬುಡವ್ವ, ನೋಡಾನ," ಎಂದರು.

ಹಿತ್ತಲಿನ ಹುಲ್ಲಿನ ಮೆದೆಗೆ ಗುರಿ ಇಟ್ಟು ಎಳೆದೆ. ದಾರ ಮೂಗಿನ ತುದಿಗೆ ತಾಗಿತು, ಕೈ ದವಡೆಯ ಕೆಳಗೆ ಬಂದು ಕೂತಿತು, ಭಾರ ಇಳಿಯಿತು. ಅಯ್ಯೋ, ಇಷ್ಟು ಹಗುರವಾ ಇದು! ಹುಡುಗಿಯಾಗಿದ್ದಾಗ ಒಂದೇ ಒಂದು ಸಲ ಇದು ಸಿಕ್ಕಿದ್ದರೆ... ಅಷ್ಟರಲ್ಲಿ ಭುಜದ ಹಳೆಯ ನೋವು ಎದ್ದಿತು. ಬಾಣ ಬಿಡಲಾಗದೆ ದಾರವನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟುಕೊಂಡೆ.

"ಆಗಲ್ಲ ಕಣಪ್ಪ," ಎಂದೆ.

ಅಪ್ಪ ಬಿಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು, ಪಂಚೆಯ ತುದಿಯಲ್ಲಿ ಚಕ್ರದ ಧೂಳು ಒರೆಸಿದರು.

"ಸ್ಕೂಲ್ಗೆ ಬ್ಯಾರೆ ತಕ್ಕೊಡಾನ. ಇದು ನಿನ್ ಅಳತೆಗೇ ಇರ್ಲಿ ಬುಡು."

ಆ ಮನೆಯಲ್ಲಿ ನನ್ನ ಅಳತೆಗೆ ಸರಿಯಾಗಿರುವ ವಸ್ತು ಅದೊಂದೇ. ಮತ್ತೆ ಅಟ್ಟದ ಮೇಲೇ ಇದೆ.