ಕಾರಿಂಗ್ ಮರಳಿ ಕೇಳಿದ ಉಗುಳು

ಪಿನತುಬೊ ಅಗ್ನಿಪರ್ವತ ಸಿಡಿದಾಗ ಕಾರಿಂಗ್ ಇನ್ನೂ ಹರೆಯದ ತಾಯಿ. ಬೆಟ್ಟದ ಮೂಲನಿವಾಸಿಗಳಾದ ಆಯ್ತಾ ಜನರೆಲ್ಲ ಬೂದಿಮಳೆಯಲ್ಲಿ ಇಳಿದು ಬಂದು ಬಯಲಿನ ಡೇರೆಗಳಲ್ಲಿ ತಂಗಿದ್ದರು. ಅಲ್ಲಿ ದಡಾರ ಹಬ್ಬಿತು. ಅವಳ ಮಗಳು ನೆನಿಂಗ್ ಜ್ವರದಲ್ಲಿ ಬೇಯುತ್ತಿದ್ದಾಗ ಯಾರೋ ಬಂದು ತೋಳಿನಿಂದ ರಕ್ತ ತೆಗೆದುಕೊಂಡು ಹೋದರು. ಯಾಕೆಂದು ಹೇಳಲಿಲ್ಲ, ಮತ್ತೆ ಬರಲೂ ಇಲ್ಲ. ಮಗು ಉಳಿಯಲಿಲ್ಲ. ಬೇರೆ ಮಕ್ಕಳೊಂದಿಗೆ ಒಂದೇ ಗುಂಡಿಯಲ್ಲಿ ಹೂಳಿದರು. ಆಮೇಲೆ ಆ ಜಾಗದ ಮೇಲೆ ರಸ್ತೆ ಹಾದುಹೋಯಿತು.

ನಾನು ಬಯಲಿನವಳು. ನಿರಾಶ್ರಿತರಿಗೆ ಕಟ್ಟಿಕೊಟ್ಟ ಊರಿನ ಶಾಲೆಗೆ ಟೀಚರಾಗಿ ಹೋದವಳು ಅಲ್ಲೇ ಉಳಿದೆ. ಕಾರಿಂಗ್ ನನ್ನ ನೆರೆಯವಳು. ಗೆಣಸು, ಬಾಳೆಹೂವು ಹೊತ್ತು ಸಂತೆಗೆ ಹೋಗುತ್ತಿದ್ದಳು. ಅಲ್ಲಿ ಯಾರಾದರೂ ಅವಳ ಸುರುಳಿ ಕೂದಲನ್ನು ಆಡಿಕೊಂಡು "ಏ ಗುಂಗುರಿ" ಎಂದು ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ. ನೆನಿಂಗ್ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿರಲೇ ಇಲ್ಲ. ಡೇರೆಯ ಕತೆಯನ್ನು ನನಗೆ ಹೇಳಿದ್ದು ಅವಳ ಮೈದುನ ತಿಬೋ.

ಅವಳ ಕೂದಲು ನರೆತ ಮೇಲೆ ಮನಿಲಾದಿಂದ ಅರ್ನೆಲ್ ಎಂಬ ಸಂಶೋಧಕ ಬಂದ. ಊರ ಹಿರಿಯರು ಒಪ್ಪಿದ್ದರು. ಒಬ್ಬೊಬ್ಬರೇ ಸಣ್ಣ ಸೀಸೆಯಲ್ಲಿ ಉಗುಳಿ ಕೊಟ್ಟರು.

"ಈ ದ್ವೀಪಗಳಿಗೆ ಮೊದ್ಲು ಯಾರು ಬಂದ್ರು ಅಂತ ಇದ್ರಿಂದ ಗೊತ್ತಾಗುತ್ತೆ, ಅಪೋ," ಎಂದ ಅರ್ನೆಲ್. ಹಿರಿಯರನ್ನು ನಾವು ಹಾಗೆಯೇ ಕರೆಯುವುದು.

"ನಾವೆಲ್ಲಿಂದ್ಲೂ ಬಂದಿಲ್ಲಪ್ಪ. ಬಂದೋರು ನೀವು," ಎಂದಳು ಕಾರಿಂಗ್. ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ಕೊಡ್ತೀನಿ. ಆದ್ರೆ ಏನು ಸಿಕ್ತು ಅಂತ ನೀನೇ ಬಂದು ಹೇಳ್ಬೇಕು."

ಅವನು ಮಾತು ಉಳಿಸಿಕೊಂಡ. ಕೆಲವು ವರ್ಷಗಳ ನಂತರ ಶಾಲೆಯ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದ. ಆಯ್ತಾ ಜನರ ಪೂರ್ವಜರು ಹತ್ತಾರು ಸಾವಿರ ವರ್ಷಗಳ ಹಿಂದೆಯೇ ಇಲ್ಲಿದ್ದರಂತೆ. ಈಗ ಅಳಿದುಹೋಗಿರುವ ಇನ್ನೊಂದು ಪ್ರಭೇದದ ಮನುಷ್ಯರೊಡನೆಯೂ ಅವರು ಬೆರೆತಿದ್ದರಂತೆ. ಉತ್ತರದಿಂದ ದೋಣಿಗಳಲ್ಲಿ ಬಯಲಿನವರ ಹಿರಿಯರು ಬಂದದ್ದು ಬಹಳ ತಡವಾಗಿ.

"ಆಮೇಲೆ ಎಲ್ರೂ ಬೆರೆತ್ರು. ಬಯಲಿನವರಲ್ಲೂ ನಿಮ್ಮ ಹಿರಿಯರ ಅಂಶ ಇದೆ. ನನ್ನದನ್ನೂ ಪರೀಕ್ಷೆ ಮಾಡ್ದೆ, ನನ್ನಲ್ಲೂ ಇದೆ."

"ಹಾಗಾದ್ರೆ ನಾವು ಅಣ್ಣಂದಿರು!" ತಿಬೋ ಎದ್ದುನಿಂತ. "ಬಾರೋ ತಮ್ಮಾ, ಈ ಕೈ ಹಿಡಿದು ಹಣೆಗೆ ಒತ್ಕೋ!"

ಅರ್ನೆಲ್ ನಿಜಕ್ಕೂ ಹೋಗಿ, ನಮ್ಮಲ್ಲಿ ಹಿರಿಯರಿಗೆ ನಮಸ್ಕರಿಸುವಂತೆಯೇ, ಆ ಕೈಯನ್ನು ಹಣೆಗೊತ್ತಿಕೊಂಡ. ಅಂಗಳವೆಲ್ಲ ನಗು. ನನಗೆ ಮಾತ್ರ ನನ್ನಜ್ಜಿಯ ಗುಂಗುರು ಕೂದಲು ನೆನಪಾಯಿತು. ಅದನ್ನು ಎಣ್ಣೆ ಹಚ್ಚಿ ಹಚ್ಚಿ ನೇರ ಮಾಡುತ್ತ ಅಮ್ಮ, "ಇದು ನಮ್ಮನ್ನಾಳಿದ ಸ್ಪೇನಿನವರ ರಕ್ತ ಕಣೇ" ಎನ್ನುತ್ತಿದ್ದಳು.

ನಗು ಅಡಗಿದ ಮೇಲೆ ಕಾರಿಂಗ್ ಕೇಳಿದಳು, "ನನ್ನ ಮಗೂದು ರಕ್ತ ತಗೊಂಡು ಹೋಗಿದ್ರು, ಡೇರೆಯಲ್ಲಿ. ಅದೆಲ್ಲಿದೆ?"

ಅವನಿಗೆ ಗೊತ್ತಿರಲಿಲ್ಲ. ಹುಡುಕುತ್ತೇನೆಂದು ಹೋದ. ತಿಂಗಳುಗಟ್ಟಲೆ ಹುಡುಕಿ ಬಂದು ಅವಳ ಗುಡಿಸಿಲ ಮುಂದೆ ತಲೆತಗ್ಗಿಸಿ ನಿಂತ. "ಎಲ್ಲೂ ಸಿಗ್ಲಿಲ್ಲ, ಅಪೋ. ಬಹುಶಃ ಆಗ್ಲೇ ಚೆಲ್ಲಿಬಿಟ್ಟಿರ್ತಾರೆ."

ಅವಳು ಸೇದುತ್ತಿದ್ದ ಸುರುಟನ್ನು ನೆಲಕ್ಕೊತ್ತಿ ಆರಿಸಿದಳು. "ನನ್ನ ಉಗುಳಲ್ಲಿ ಇರೋದು ಅವಳಲ್ಲೂ ಇತ್ತಾ?" ಎಂದಳು.

"ಇತ್ತು. ಅರ್ಧ ನಿಮ್ಮದೇ."

"ನನ್ನ ಉಗುಳು ಉಳಿದಿದ್ರೆ ತಂದ್ಕೊಡು. ನಿನ್ನ ಕೆಲ್ಸ ಮುಗೀತಲ್ಲ."

ಮುಂದಿನ ಸಲ ಬಂದಾಗ ಅವನು ಸೀಸೆಯನ್ನು ತಂದ. ನಾವು ಮೂವರೂ ಬೆಟ್ಟ ಹತ್ತಿದೆವು. ಅವಳ ಹಳೆಯ ಊರಿದ್ದಲ್ಲಿ ಈಗ ಬೂದಿಯ ಮೇಲೆ ಆಳೆತ್ತರದ ಹುಲ್ಲು. ನೆನಿಂಗ್ ಹುಟ್ಟಿದ ಮನೆ ಇಲ್ಲೇ ಎಲ್ಲೋ ಇತ್ತು ಎಂದು ಅಂದಾಜು ಮಾಡಿ, ಕತ್ತಿಯ ತುದಿಯಿಂದ ಅಗೆದಳು. ಅರ್ನೆಲ್ ಸಹಾಯಕ್ಕೆ ಬಗ್ಗಿದಾಗ ಕೈಯಲ್ಲೇ ತಡೆದಳು. ಸೀಸೆಯನ್ನು ಹೂತು, ಬೂದಿ ಎಳೆದು, ಅಂಗೈಯಿಂದ ಒತ್ತಿದಳು. ಅಳಲಿಲ್ಲ.

ಇಳಿಯುವ ದಾರಿಯಲ್ಲಿ ತಾನಾಗಿಯೇ ಮಾತು ತೆಗೆದಳು. ನೆನಿಂಗ್ ಸುಟ್ಟ ಗೆಣಸಿನ ಸಿಪ್ಪೆಯನ್ನೂ ಬಿಡುತ್ತಿರಲಿಲ್ಲವಂತೆ. ಕಪ್ಪೆ ಕಂಡರೆ ಅಪ್ಪನ ಬೆನ್ನೇರಿಬಿಡುತ್ತಿದ್ದಳಂತೆ. ಅರ್ನೆಲ್ ಕೇಳುತ್ತ ಅವಳ ಹಿಂದೆಯೇ ನಡೆದ. ಊರು ಬರುವವರೆಗೂ ಅವಳು ಮಗಳ ಮಾತು ನಿಲ್ಲಿಸಲಿಲ್ಲ.