ಮೇಜಾಗುವ ಬೆಂಚು

ಶೆನಂಡೋವಾ ಕಣಿವೆಯ ಮಂಜು ಇನ್ನೂ ಕರಗಿಲ್ಲ. ಗುಡ್ಡದ ಮೇಲಿನ ಹಳೆಯ ಪ್ರಾರ್ಥನಾ ಮನೆಯಲ್ಲಿ ಎಲ್ಡನ್ ಹೀಟ್‌ವೋಲ್ ಆಗಲೇ ಮಂಡಿಯೂರಿದ್ದಾರೆ. ಪ್ರಾರ್ಥನೆಗಲ್ಲ, ಮೊಳೆ ಕೀಳಲು. ಇವತ್ತು ಸಂಜೆ ಇಲ್ಲಿ ಪ್ರೀತಿಭೋಜನ! ಬ್ರೆದ್ರನ್ ಎಂಬ ಕ್ರೈಸ್ತ ಸಭೆಯ ಈ ಮನೆಯನ್ನು ಕಿತ್ತು ತಂದು, ಹಳೆಯ ಕಟ್ಟಡಗಳನ್ನು ಕಾಪಾಡುವ ನಮ್ಮ ಪರಂಪರೆಯ ತಾಣದಲ್ಲಿ ನಿಲ್ಲಿಸಿದ ಮೇಲೆ ಇದೇ ಮೊದಲನೆಯದು. ಒಬ್ಬರ ಪಾದ ಇನ್ನೊಬ್ಬರು ತೊಳೆದು, ಮಾಂಸದ ಸಾರಿನಲ್ಲಿ ನೆನೆಸಿದ ಬ್ರೆಡ್ಡನ್ನು ಒಂದೇ ಬಟ್ಟಲಿನಿಂದ ಉಣ್ಣುವ ಸಂಜೆ. ನನಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಎಲ್ಡನ್ ಬ್ರೆದ್ರನ್ ಅಲ್ಲ, ಮೆನೊನೈಟ್ ಎಂಬ ಇನ್ನೊಂದು ಕ್ರೈಸ್ತ ಸಭೆಯವರು. ಕೋಳಿ ಫಾರ್ಮನ್ನು ಮಗಳಿಗೆ ವಹಿಸಿದ ಮೇಲೆ ಸಂಬಳವಿಲ್ಲದೆ ಇಲ್ಲಿ ಕಸ ಗುಡಿಸುತ್ತಾರೆ, ಸೂರು ಸರಿಮಾಡುತ್ತಾರೆ. ಫೋಟೋ ತೆಗೆಯುವಾಗ ಮಾತ್ರ ಎಲ್ಲಿ ಮಾಯವಾಗುತ್ತಾರೋ. ಹೋದ ಚಳಿಗಾಲದಲ್ಲಿ ಬೆಂಚುಗಳ ಬೆನ್ನುಹಲಗೆ ಅಲ್ಲಾಡುತ್ತಿದೆಯೆಂದು ಎಲ್ಲಕ್ಕೂ ಭದ್ರವಾಗಿ ಮೊಳೆ ಹೊಡೆದವರು ಇವರೇ.

"ನಮ್ಮ ಕಡೆ ಬೆಂಚು ಅಂದ್ರೆ ಕೂರೋಕೆ ಅಷ್ಟೇ. ಸಡಿಲ ಆಗಿದೆ ಅಂದ್ಕೊಂಡೆ," ಎನ್ನುವಾಗ ಅವರ ಕಿವಿ ಕೆಂಪಾಗುತ್ತದೆ.

ಸಡಿಲವೆಲ್ಲಿ ಬಂತು! ಬ್ರೆದ್ರನ್ ಬೆಂಚಿನ ಬೆನ್ನನ್ನು ಮಗುಚಿದರೆ ಅದೇ ಊಟದ ಮೇಜು. ಈ ಮನೆಯಲ್ಲೇ ಉಂಡು ಬೆಳೆದ ಬ್ರೆದ್ರನ್ ಅಜ್ಜಿ ವಿಲ್ಡಾ ಗಾರ್ಬರ್ ಸುಮ್ಮನೆ ಬಿಟ್ಟಾರೆಯೇ?

"ಬ್ರದರ್ ಎಲ್ಡನ್, ದೀಕ್ಷಾಸ್ನಾನಕ್ಕೆ ತಲೆ ಮೇಲೆ ಒಂದು ಚೊಂಬು ನೀರು ಸುರಿದ್ರೆ ಸಾಕು ಅನ್ನೋ ಜನ ನೀವು. ಈಗ ನಮ್ಮ ಊಟಕ್ಕೂ ಮೊಳೆ ಹೊಡೆದ್ಯಲ್ಲೋ!"

"ದೀಕ್ಷಾಸ್ನಾನದಲ್ಲಿ ನಿನ್ನನ್ನ ಮೂರು ಸಲ ನೀರಲ್ಲಿ ಮುಳುಗಿಸಿದ್ರೂ ನಾಲಿಗೆ ತಣ್ಣಗಾಗ್ಲಿಲ್ಲ ನೋಡು, ಸಿಸ್ಟರ್."

ಇನ್ನೊಂದೇ ಬೆಂಚು ಬಾಕಿ. ಹಲಗೆ ಹಳೆಯದು, ಆತುರಪಟ್ಟರೆ ಸೀಳಿಹೋಗುತ್ತದೆ. ಸೀಳಿದರೆ ಇಂಥದ್ದು ಮತ್ತೆ ಸಿಗುವುದಿಲ್ಲ. ಎಲ್ಡನ್ ಮೊಳೆಯ ಸುತ್ತ ಎಣ್ಣೆ ಬಿಟ್ಟು, ಕಾಯ್ದು, ಇಕ್ಕಳ ಹಾಕುತ್ತಾರೆ. ನಾನು ಉಸಿರು ಬಿಗಿಹಿಡಿದಿದ್ದೇನೆ. ಕಿರ್ರೆಂದು ಮೊಳೆ ಹೊರಬರುತ್ತದೆ. ಬೆನ್ನು ಮಗುಚಿ, ಕಟಕ್ಕೆಂದು ಸಮತಟ್ಟಾಗಿ ಕೂರುತ್ತದೆ. ಬಂತು ಮೇಜು! ವಿಲ್ಡಾ ಚಪ್ಪಾಳೆ ತಟ್ಟುತ್ತಾರೆ, ನಾನೂ.

ಗಂಡಸರು ಕೂರುವ ಸಾಲಿನಲ್ಲಿ, ಅದೇ ಮೇಜಿನ ಮೇಲೆ, ವಿಲ್ಡಾ ಒಂದು ಚಮಚ ಇಡುತ್ತಾರೆ. "ಇದು ನಿನ್ನ ಜಾಗ."

"ಬೇಡ ವಿಲ್ಡಾ. ಮೇಜು ನಿಮ್ಮ ಸಭೆಯವರದು. ನಾನು ಹಿಂದೆ ನಿಂತು ನೋಡ್ತೀನಿ."

"ಹೊರಗಿನವರು ಹಿಂದೆ ನಿಂತು ನೋಡೋ ಕಾಲ ಮುಗೀತು. ನಿನ್ನ ಕಾಲು ತೊಳೆಯೋಕೆ ನನ್ನ ತಮ್ಮ ಕಾಯ್ತಿದಾನೆ. ನೀನು ಅವನ್ದು ತೊಳಿ."

ಎಲ್ಡನ್ ಮೇಜನ್ನು ಅಂಗೈಯಿಂದ ಸವರುತ್ತಾರೆ. ಆಮೇಲೆ ತಮ್ಮ ಧೂಳು ಮೆತ್ತಿದ ಬೂಟು ನೋಡಿಕೊಂಡು ಟೋಪಿ ಎತ್ತಿಕೊಳ್ಳುತ್ತಾರೆ.

"ಹಾಗಾದ್ರೆ ಮನೆಗೆ ಹೋಗಿ ಬರ್ತೀನಿ," ಎನ್ನುತ್ತಾರೆ. "ಮೊದಲು ಕಾಲು ತೊಳ್ಕೋಬೇಕು."